ಓದುಗರ ಪ್ರಶ್ನೆ: ಕೋಳಿಗೆ ನೆಗಡಿ, ಪಿಸಿಆರ್ ಮಾತ್ರ ನೆಗೆಟಿವ್

ಪ್ರಶ್ನೆ: ಲೇಯರ್ ಶೆಡ್ಡಿನಲ್ಲಿ ಕೋಳಿಗಳು ಸೀನುತ್ತಿವೆ, ಕೆಲವಕ್ಕೆ ಮುಖ ಊದಿದೆ, ಸಿಂಬಳ ನಾರುತ್ತಿದೆ. ಮೂರು ದಿನ ಟೈಲೋಸಿನ್ ಎಂಬ ಆ್ಯಂಟಿಬಯೋಟಿಕ್ ಕುಡಿಸಿ, ಪಿಸಿಆರ್‌ಗೆ (ರೋಗಾಣುವಿನ ಡಿಎನ್‌ಎ ಹುಡುಕುವ ಪರೀಕ್ಷೆ) ಗಂಟಲು ಒರೆಸಿದ ಸ್ವಾಬ್ ಕಳಿಸಿದೆವು. ‘ಮೈಕೋಪ್ಲಾಸ್ಮಾ (ಉಸಿರಾಟದ ಕಾಯಿಲೆ ತರುವ ಬ್ಯಾಕ್ಟೀರಿಯಾ) ನೆಗೆಟಿವ್’ ಎಂದು ವರದಿ ಬಂತು. ನಂಬಬಹುದೇ?
– ಓದುಗರು, ದಾವಣಗೆರೆ ಜಿಲ್ಲೆ

ಉತ್ತರ: ಈ ವರದಿಯ ಮೇಲೆ ತೀರ್ಮಾನ ಬೇಡ. ಔಷಧಿ ಬಿದ್ದ ಮೇಲೆ ಗಂಟಲಲ್ಲಿ ಮೈಕೋಪ್ಲಾಸ್ಮಾ ಕಡಿಮೆಯಾಗುತ್ತದೆ, ಸ್ವಾಬಿಗೆ ಸಿಗದೇ ಹೋಗಬಹುದು. ಅದಕ್ಕಿಂತ ಮುಖ್ಯವಾಗಿ, ಊದಿದ ಮುಖ ಮತ್ತು ನಾರುವ ಸಿಂಬಳ ಕಂಡರೆ ಮೊದಲ ಅನುಮಾನ ಕೊರೈಜಾ (ಕೋಳಿಯ ಸಾಂಕ್ರಾಮಿಕ ನೆಗಡಿ) ಮೇಲೆ. ಅದರ ಬ್ಯಾಕ್ಟೀರಿಯಾ ಏವಿಬ್ಯಾಕ್ಟೀರಿಯಂ ಪ್ಯಾರಾಗ್ಯಾಲಿನೇರಮ್. ಮೈಕೋಪ್ಲಾಸ್ಮಾ ಪ್ರೈಮರ್ (ಆ ರೋಗಾಣುವಿನ ಡಿಎನ್‌ಎಯನ್ನಷ್ಟೇ ಗುರುತಿಸುವ ತುಣುಕು) ಕೊರೈಜಾ ಬ್ಯಾಕ್ಟೀರಿಯಾವನ್ನು ಹುಡುಕುವುದೇ ಇಲ್ಲ. ಕೊರೈಜಾ, ಎಂಜಿ, ಎಂಎಸ್ (ಮೈಕೋಪ್ಲಾಸ್ಮಾದ ಎರಡು ಜಾತಿ), ಓಆರ್‌ಟಿ (ಉಸಿರಾಟದ ಇನ್ನೊಂದು ಬ್ಯಾಕ್ಟೀರಿಯಾ) ಎಂದು ಲ್ಯಾಬಿಗೆ ಹೆಸರಿಸಿ ಕೇಳಿ. ರಾಣಿಖೇತ್, ಐಬಿ (ಶ್ವಾಸನಾಳದ ಸಾಂಕ್ರಾಮಿಕ ಉರಿಯೂತ) ವೈರಸ್ಸುಗಳಿಗೆ ಬೇರೆ ಸ್ವಾಬ್ ಕೊಡಿ.

ಕೊರೈಜಾಕ್ಕೆ ಹೊಸದಾಗಿ ಮುಖ ಊದಿದ, ಔಷಧಿ ಕುಡಿಯದ ಎರಡು ಮೂರು ಕೋಳಿ ಸಾಕು. ಮೂಗಿನ ಪಕ್ಕ ಒತ್ತಿ, ಬಂದ ಸಿಂಬಳವನ್ನು ಸ್ವಾಬಿನಲ್ಲಿ ಹಿಡಿಯಿರಿ. ಎಂಜಿಗೆ ಅಂಗುಳಿನ ಸೀಳು ಅಥವಾ ಶ್ವಾಸನಾಳದ ಸ್ವಾಬ್ ಬೇಕು, ಅದೂ 30 ಕೋಳಿಯಿಂದ. ಶೆಡ್ಡಿನಲ್ಲಿ ನೂರಕ್ಕೆ 10 ಕೋಳಿಗೆ ಸೋಂಕಿದ್ದರೆ, ಆರಿಸದೆ ಹಿಡಿದ 30ರಲ್ಲಿ ಒಂದಾದರೂ ಸೋಂಕಿತ ಕೋಳಿ ಇರುವ ಸಂಭವ ಶೇ. 95. ಒಂದು ಟ್ಯೂಬಿಗೆ 5 ಸ್ವಾಬ್ ಮೀರಬೇಡಿ; ಹತ್ತು ತುರುಕಿ ಪರೀಕ್ಷೆಯ ಖರ್ಚು ಉಳಿಸುವುದು ದುಬಾರಿ ಉಳಿತಾಯ.

ಪ್ಲಾಸ್ಟಿಕ್ ಕಡ್ಡಿಯ ಪಾಲಿಯೆಸ್ಟರ್ ಸ್ವಾಬನ್ನೇ ಬಳಸಿ. ಮರದ ಕಡ್ಡಿ, ಇದ್ದಿಲು ಬೆರೆಸಿದ ಸಾಗಣೆ ಮಾಧ್ಯಮ ಎರಡೂ ಪಿಸಿಆರ್ ಕ್ರಿಯೆಯನ್ನೇ ತಡೆದು ಸುಳ್ಳು ನೆಗೆಟಿವ್ ತರಬಲ್ಲವು. ಇದ್ದಿಲ ಮಾಧ್ಯಮ ಕಲ್ಚರ್‌ಗೆ (ಬ್ಯಾಕ್ಟೀರಿಯಾ ಬೆಳೆಸಿ ನೋಡುವುದಕ್ಕೆ) ಒಳ್ಳೆಯದು, ಅದನ್ನು ಪ್ರತ್ಯೇಕವಾಗಿ ಕಳಿಸಿ. ಯಾವ ಔಷಧಿ ನಾಟುತ್ತದೆ ಎಂದು ಪಿಸಿಆರ್ ಹೇಳುವುದಿಲ್ಲ, ಅದಕ್ಕೆ ಕಲ್ಚರ್ ಬೇಕು. ಐಸ್ ಪ್ಯಾಕಿನಲ್ಲಿ 2–8 ಡಿಗ್ರಿಯಲ್ಲಿ ಆದಷ್ಟು ಬೇಗ ಲ್ಯಾಬ್ ಮುಟ್ಟಿಸಿ.

ಈಗ ಟಿಯಾಮುಲಿನ್‌ಗೆ (ಇನ್ನೊಂದು ಆ್ಯಂಟಿಬಯೋಟಿಕ್) ಬದಲಿಸುವ ಯೋಚನೆಯಿದ್ದರೆ ಮೊದಲು ಮೇವಿನ ಚೀಟಿ ನೋಡಿ. ಮೊನೆನ್ಸಿನ್, ಸಾಲಿನೋಮೈಸಿನ್ (ಕಾಕ್ಸಿಡಿಯಾ ತಡೆಗೆ ಮೇವಿಗೆ ಬೆರೆಸುವ ಔಷಧಿಗಳು) ಇದ್ದರೆ ಟಿಯಾಮುಲಿನ್ ಜೊತೆ ಸೇರಿ ವಿಷವಾಗುತ್ತದೆ.

ಪ್ರಶ್ನೆ: ಎಂಜಿ ವರದಿಯಲ್ಲಿ ಒಂದು ಶೆಡ್ಡಿಗೆ ಸಿಟಿ 22, ಇನ್ನೊಂದಕ್ಕೆ 36. ಯಾವುದು ಹೆಚ್ಚು ಅಪಾಯ?
– ಓದುಗರು, ಹೊಸಪೇಟೆ

ಉತ್ತರ: ಸಿಟಿ ಎಂದರೆ ಪಿಸಿಆರ್‌ನಲ್ಲಿ ಡಿಎನ್‌ಎ ಕಾಣಿಸಿಕೊಳ್ಳಲು ಬೇಕಾದ ಸುತ್ತುಗಳ ಸಂಖ್ಯೆ; ಅದು ಕಡಿಮೆಯಾದಷ್ಟೂ ಡಿಎನ್‌ಎ ಹೆಚ್ಚು. ಪ್ರತಿ ಸುತ್ತಿಗೂ ಡಿಎನ್‌ಎ ಇಮ್ಮಡಿಯಾಗುವುದರಿಂದ 14 ಸುತ್ತಿನ ಅಂತರವೆಂದರೆ ಸುಮಾರು 16,000 ಪಟ್ಟು. 36 ಬಂದ ಶೆಡ್ಡಿನಿಂದ ಮತ್ತೆ ಸ್ವಾಬ್ ತೆಗೆಸಿ: ಸತ್ತ ಬ್ಯಾಕ್ಟೀರಿಯಾದ ಡಿಎನ್‌ಎಯೂ, ಪಕ್ಕದ ಟ್ಯೂಬಿನಿಂದ ತಗುಲಿದ್ದೂ ಹೀಗೇ ಕಾಣುತ್ತದೆ. ಎಂಜಿ ಜೀವಂತ ಲಸಿಕೆ ಹಾಕಿಸಿದ್ದರೆ ಲ್ಯಾಬಿಗೆ ಮೊದಲೇ ತಿಳಿಸಿ. ಸಾಮಾನ್ಯ ಪಿಸಿಆರ್‌ಗೆ ಲಸಿಕೆಯ ತಳಿಯೂ ಪಾಸಿಟಿವ್.