ಹಳೇ ರೂಪಾಯಿ ಬೆಳ್ಳಿಯದೋ ಅಲ್ಲವೋ ಅಂತ ಮನೆಯಲ್ಲೇ ನೋಡೋದು ಹೇಗೆ?

ಚಿಕ್ಕಮಗಳೂರಿನ ಮನೆಯಲ್ಲಿ ಅಜ್ಜನ ಟ್ರಂಕಿನಿಂದ ಹಳೇ ರೂಪಾಯಿಗಳು ಸಿಕ್ಕಿವೆ, ಮ್ಯಾಗ್ನೆಟ್‌ಗೆ ಅಂಟದೇ ಇರೋದೆಲ್ಲ ಬೆಳ್ಳೀನಾ ಅಂತ ಕೇಳಿದ್ದೀರಿ. ಖಂಡಿತ ಅಲ್ಲ. 1975ರಿಂದ 1991ರವರೆಗಿನ ರೂಪಾಯಿಯಲ್ಲಿ ತಾಮ್ರ ಶೇ. 75, ನಿಕಲ್ ಶೇ. 25. ನೋಡೋಕೆ ಬೆಳ್ಳಗಿದೆ, ಅಂಟಲ್ಲ, ಬೆಳ್ಳಿ ಮಾತ್ರ ಚೂರೂ ಇಲ್ಲ.

ಅಂಟಿದ್ದೆಲ್ಲ ಕಬ್ಬಿಣ ಅನ್ನೋದೂ ತಪ್ಪು. ಹುಲಿ ಚಿತ್ರದ 1947ರ ರೂಪಾಯಿ ಬರೀ ನಿಕಲ್, ಗಟ್ಟಿಯಾಗಿ ಕಚ್ಚಿಕೊಳ್ಳುತ್ತೆ. ನಕಲಿ ಅಂತ ಎಸೆದುಬಿಟ್ಟೀರಿ. 1992ರ ನಂತರದ ಸ್ಟೀಲ್ ರೂಪಾಯಿಯೂ ಅಂಟುತ್ತೆ, ಅದರಲ್ಲಿರೋದು ಕಬ್ಬಿಣ, ಕ್ರೋಮಿಯಂ. ತಮಾಷೆ ಅಂದ್ರೆ, ತಾನೇ ಅಂಟುವ ನಿಕಲ್ಲನ್ನ ಸ್ಟೀಲಿಗೆ ಸಾಕಷ್ಟು ಬೆರೆಸಿದರೆ ಆ ಸ್ಟೀಲ್ ಅಂಟೋದು ಬಿಡುತ್ತೆ.

ಮೊದಲು ಇಸವಿ ನೋಡಿ. ವಿಕ್ಟೋರಿಯಾ ರಾಣಿ ಕಾಲದಿಂದ 1939ರವರೆಗಿನ ಬ್ರಿಟಿಷ್ ರೂಪಾಯಿ 11.66 ಗ್ರಾಂ, ಬೆಳ್ಳಿ ಶೇ. 91.7. 1940ರಿಂದ 1945ರವರೆಗಿನದಕ್ಕೆ ತೂಕ ಅಷ್ಟೇ, ಬೆಳ್ಳಿ ಅರ್ಧಕ್ಕರ್ಧ.

ಆಮೇಲೆ ನೀರಲ್ಲಿ ತೂಗಿ. 0.01 ಗ್ರಾಂ ತೋರಿಸುವ ಪುಟ್ಟ ತಕ್ಕಡಿ ಬೇಕು, ಅಡುಗೆಮನೆಯದು ಸಾಲದು. ನಾಣ್ಯವನ್ನ ಒಣಗಿದ್ದಾಗಲೇ ತೂಗಿ ಬರೆದಿಡಿ. ನೀರಿನ ಲೋಟವನ್ನ ತಕ್ಕಡಿ ಮೇಲಿಟ್ಟು ಸೊನ್ನೆ ಮಾಡಿ. ನಾಣ್ಯಕ್ಕೆ ಹೊಲಿಗೆ ದಾರ ಕಟ್ಟಿ, ತಳಕ್ಕೂ ಪಕ್ಕಕ್ಕೂ ತಾಗದ ಹಾಗೆ ಪೂರ್ತಿ ಮುಳುಗಿಸಿ ಹಿಡಿಯಿರಿ. ಒಣ ತೂಕವನ್ನ ಈಗ ಕಾಣುವ ಅಂಕಿಯಿಂದ ಭಾಗಿಸಿ. 10.3ರ ಆಸುಪಾಸು ಬಂದರೆ ಹಳೇ ಬೆಳ್ಳಿ, 9.5 ಬಂದರೆ ಅರ್ಧ ಬೆಳ್ಳಿ, 8.9 ಬಂದರೆ ತಾಮ್ರ-ನಿಕಲ್. ಸವೆದ ನಾಣ್ಯದ ತೂಕ 11.4ಕ್ಕೆ ಇಳಿದಿದ್ದರೂ ಈ ಅಂಕಿ ಬದಲಾಗಲ್ಲ, ಅದಕ್ಕೇ ಬರೀ ತೂಕ ನಂಬೋದಕ್ಕಿಂತ ಇದು ವಾಸಿ.

ಕೈಕೊಡೋದು ಗಾಳಿಗುಳ್ಳೆ. ಅಕ್ಷರಗಳ ಸಂದಿಯಲ್ಲಿ ನಾಲ್ಕು ಗುಳ್ಳೆ ಕೂತರೂ ನೀರಿನ ಅಂಕಿ ಏರಿ, ಒಳ್ಳೇ ಬೆಳ್ಳಿಯೇ ಕಲಬೆರಕೆ ಥರ ಕಾಣುತ್ತೆ. ನೀರಿಗೆ ಒಂದು ತೊಟ್ಟು ಪಾತ್ರೆ ಸೋಪು ಹಾಕಿ. ನಾಣ್ಯ ತಳಕ್ಕೆ ತಾಗಿದರಂತೂ ಲೆಕ್ಕವೇ ಕೆಟ್ಟಿತು. ಪಾವಲಿಯಂಥ ಚಿಕ್ಕದನ್ನ ಒಂದೊಂದೇ ತೂಗಬೇಡಿ, ಒಂದೇ ಥರದ ನಾಲ್ಕೈದನ್ನ ಒಟ್ಟಿಗೆ ಕಟ್ಟಿ.

ಅಕ್ಕಸಾಲಿ ಹತ್ತಿರ ಒಯ್ದರೆ ಅಂಚು ಅರ ಹಾಕೋಕೆ ಬಿಡಬೇಡಿ. ಹುಣಸೆಹಣ್ಣು ಹಾಕಿ ಉಜ್ಜಲೂಬೇಡಿ, ಸಂಗ್ರಹಕಾರರು ಕಪ್ಪಾದ ನಾಣ್ಯಕ್ಕೇ ಹೆಚ್ಚು ಕೊಡ್ತಾರೆ. ಮಲೆನಾಡಿನ ಮಳೆಗಾಲದಲ್ಲಿ ಪಿವಿಸಿ ಪ್ಲಾಸ್ಟಿಕ್ ಕವರಿನೊಳಗೆ ಹಸಿರು ಅಂಟು ಕೂರುತ್ತೆ. ಕಾಗದದ ಲಕೋಟೆಯಲ್ಲಿಟ್ಟು, ಡಬ್ಬಿಗೆ ತೇವ ಹೀರೋ ಸಿಲಿಕಾ ಜೆಲ್ ಪೊಟ್ಟಣ ಹಾಕಿಡಿ.