‘ದ ಬ್ಯಾಡ್ ಬಿಗಿನಿಂಗ್’ ಹತ್ತು ವರ್ಷದ ಮಗುವಿಗೆ ಕೊಡಬಹುದಾ?

ಶುರುವಿನಲ್ಲೇ ಅಪ್ಪ ಅಮ್ಮ ಸಾಯುವ ಕಥೆಯನ್ನು ಕಾರವಾರದಲ್ಲಿ ಐದನೇ ಕ್ಲಾಸು ಓದುವ ಮಗಳಿಗೆ ಕೊಡಬಹುದಾ ಎಂದು ಕೇಳಿದ್ದೀರಿ. ಧೈರ್ಯವಾಗಿ ಕೊಡಿ.

ಲೆಮನಿ ಸ್ನಿಕೆಟ್ ಎಂಬ ಹೆಸರಲ್ಲಿ ಡೇನಿಯಲ್ ಹ್ಯಾಂಡ್ಲರ್ ಬರೆದ 13 ಪುಸ್ತಕಗಳ ಸರಣಿಯಲ್ಲಿ ಇದು ಮೊದಲನೆಯದು, 1999ರಲ್ಲಿ ಬಂತು. ಸಮುದ್ರದ ದಂಡೆಯಲ್ಲಿದ್ದ ಮೂವರು ಮಕ್ಕಳಿಗೆ, ಮನೆ ಸುಟ್ಟು ಅಪ್ಪ ಅಮ್ಮ ತೀರಿಕೊಂಡ ಸುದ್ದಿ ಬರುತ್ತದೆ. ಮಕ್ಕಳು ದೂರದ ನೆಂಟ ಕೌಂಟ್ ಓಲಾಫನ ಮನೆ ಸೇರುತ್ತಾರೆ. ಅವನ ಕಣ್ಣೆಲ್ಲ ಅವರ ಆಸ್ತಿಯ ಮೇಲೆ.

ಈ ಮಕ್ಕಳು ಸುಮ್ನೆ ಅಳುತ್ತಾ ಕೂರುವುದಿಲ್ಲ, ನನಗೆ ಅದೇ ತುಂಬಾ ಇಷ್ಟ. ವಯೊಲೆಟ್ ರಿಬ್ಬನ್ನಿನಿಂದ ಕೂದಲು ಕಟ್ಟಿದಳೆಂದರೆ ಹೊಸದೇನೋ ತಯಾರಿಸುತ್ತಾಳೆ. ಕ್ಲೌಸ್ ರಾತ್ರಿಯಿಡೀ ಕಾನೂನಿನ ಪುಸ್ತಕ ಓದಿ ಓಲಾಫನ ಸಂಚು ಹಿಡಿಯುತ್ತಾನೆ. ಪುಟ್ಟ ಸನ್ನಿಗೆ ನಾಲ್ಕೇ ಹಲ್ಲು, ಕಚ್ಚಿದರೆ ಬಿಡುವವಳಲ್ಲ!

ಓಲಾಫನಿಗಿಂತ ಜಾಸ್ತಿ ಕಾಡುವವರು ಮಕ್ಕಳ ಮಾತು ಕೇಳದ ಒಳ್ಳೆಯ ದೊಡ್ಡವರು. ಅಪ್ಪ ಅಮ್ಮನ ಆಸ್ತಿಯ ಉಸ್ತುವಾರಿ ಹೊತ್ತ ಬ್ಯಾಂಕಿನ ಮಿಸ್ಟರ್ ಪೋ ಹತ್ತಿರ ಮಕ್ಕಳು ಓಲಾಫನ ಮೇಲೆ ದೂರು ಕೊಡುತ್ತಾರೆ. ಅವರು ಕೆಮ್ಮುತ್ತಾ, ಪೋಷಕ ತನಗೆ ಸರಿ ಕಂಡಂತೆ ಬೆಳೆಸಬಹುದು ಎಂದು ವಾಪಸ್ ಕಳಿಸುತ್ತಾರೆ. ಓದುವ ಪ್ರತಿ ಮಗುವಿಗೂ ಈ ಸಿಟ್ಟು ಗೊತ್ತು. ನಾವು ದೊಡ್ಡವರೂ ಆ ಪುಟಗಳನ್ನು ಓದಬೇಕು.

ಒಂದು ವಿಷಯ ಮಾತ್ರ ತಿಳಿದಿರಲಿ. ಓಲಾಫ್ ಕ್ಲೌಸನ ಕೆನ್ನೆಗೆ ಹೊಡೆಯುತ್ತಾನೆ. ನಾಟಕದ ನೆಪದಲ್ಲಿ 14 ವರ್ಷದ ವಯೊಲೆಟಳನ್ನು ಮದುವೆಯಾಗಲು ನೋಡುತ್ತಾನೆ. ಜುಲೈಯಲ್ಲಿ ಮಳೆಗೆ ಶಾಲೆಗೆ ರಜೆ ಕೊಡ್ತಾರಲ್ವಾ, ಆಗ ಆ ಭಾಗವನ್ನು ಒಟ್ಟಿಗೆ ಕೂತು ಓದಿ. ಮನೆಯಲ್ಲಿ ಈಚೆಗೆ ಯಾರಾದರೂ ತೀರಿಕೊಂಡಿದ್ದರೆ ಸ್ವಲ್ಪ ದಿನ ತಡೆಯಿರಿ.