ಮಾರಲೋ, ಇಡಲೋ? ವ್ಯಾಪಾರಸ್ಥರ ಪ್ರಶ್ನೆಗಳಿಗೆ ಉತ್ತರ

ಹಾಸನ, ಚಿಕ್ಕಮಗಳೂರು ಜಿಲ್ಲೆಗಳಿಂದ ಬಂದ ಪತ್ರಗಳಲ್ಲಿ ನಾಲ್ಕನ್ನು ಈ ಸಲ ತೆಗೆದುಕೊಂಡಿದ್ದೇವೆ. ಬರೆದವರಿಗೆಲ್ಲ ಲೆಕ್ಕ ಚೆನ್ನಾಗಿ ಗೊತ್ತಿದೆ, ಆದರೂ ಕೈ ಓಡುತ್ತಿಲ್ಲ.

ಪ್ರಶ್ನೆ: ಸೀಸನ್‌ನಲ್ಲಿ ಮೂಟೆಗೆ 11,000 ರೂ.ನಂತೆ 120 ಮೂಟೆ ರೋಬಸ್ಟಾ ಚೆರಿ (ಸಿಪ್ಪೆಸಮೇತ ಒಣಗಿಸಿದ ಕಾಫಿ) ಕೊಂಡೆ. ಬ್ಯಾಂಕಿನ ಓ.ಡಿ. (ಓವರ್‌ಡ್ರಾಫ್ಟ್ ಸಾಲ) ಹಣ, ಬಡ್ಡಿ ವರ್ಷಕ್ಕೆ ಶೇ. 12. ಈಗ ರೇಟು 9,800. ಮಾರಲು ಮನಸ್ಸೇ ಬರುತ್ತಿಲ್ಲ. ದಿನಕ್ಕೆ ಇಪ್ಪತ್ತು ಸಲ ಮೊಬೈಲಿನಲ್ಲಿ ಲಂಡನ್ ವಿನಿಮಯ ಕೇಂದ್ರದ ರೋಬಸ್ಟಾ ರೇಟು ನೋಡುತ್ತೇನೆ. ಏನು ಮಾಡಲಿ?
— ಕಾಫಿ ವ್ಯಾಪಾರಿ, ಚಿಕ್ಕಮಗಳೂರು

ಉತ್ತರ: 11,000 ಎಂಬ ಅಂಕಿ ಲೆಕ್ಕದ ಪುಸ್ತಕದಲ್ಲಿರಲಿ, ತಲೆಯಿಂದ ತೆಗೆಯಿರಿ. ನೀವು ಎಷ್ಟು ಕೊಟ್ಟು ಕೊಂಡಿರಿ ಎಂದು ಮುಂದೆ ಕೊಳ್ಳುವವರು ಯಾರೂ ಕೇಳುವುದಿಲ್ಲ. ಬಂದ ಲಾಭದ ಖುಷಿಗಿಂತ ಅಷ್ಟೇ ಮೊತ್ತದ ನಷ್ಟದ ನೋವು ಹೆಚ್ಚು ತೂಗುತ್ತದೆ ಎಂದು ಮನೋವಿಜ್ಞಾನಿಗಳಾದ ಡೇನಿಯಲ್ ಕಾನಮನ್ ಮತ್ತು ಏಮಸ್ ಟ್ವರ್ಸ್ಕಿ 1979ರಲ್ಲೇ ಬರೆದರು. ಲಾಭದಲ್ಲಿರುವ ಷೇರನ್ನು ಬೇಗ ಮಾರಿ, ನಷ್ಟದಲ್ಲಿರುವುದನ್ನು ಅಪ್ಪಿಕೊಂಡು ಕೂರುವ ಹೂಡಿಕೆದಾರರ ಅಭ್ಯಾಸವನ್ನು 1985ರಲ್ಲಿ ಹಣಕಾಸು ಸಂಶೋಧಕರಾದ ಶೆಫ್ರಿನ್ ಮತ್ತು ಸ್ಟಾಟ್‌ಮನ್ ತೋರಿಸಿದರು. ಚೆರಿ ಮೂಟೆಯ ವಿಷಯದಲ್ಲೂ ಮನಸ್ಸು ಮಾಡುವುದು ಅದನ್ನೇ. ಮಾರುವ ತನಕ ನಷ್ಟ ಆಗಿಲ್ಲ ಅನ್ನಿಸುತ್ತಿರುತ್ತದೆ.

ಆದ್ದರಿಂದ ಪ್ರಶ್ನೆಯನ್ನೇ ಬದಲಿಸಿ. ನಿಮ್ಮ ಮಾಲು ಇವತ್ತು 11,76,000 ರೂ. ಬಾಳುತ್ತದೆ. ಅಷ್ಟು ನಗದು ಈಗ ಕೈಯಲ್ಲಿದ್ದರೆ, 9,800ರಂತೆ ಚೆರಿ ಕೊಂಡು ಗೋಡೌನ್ ತುಂಬುತ್ತಿದ್ದಿರಾ? ಹೌದು ಎಂದು ಧೈರ್ಯವಾಗಿ ಹೇಳಲು ಆಗದಿದ್ದರೆ, ನೀವು ಮಾಲು ಇಟ್ಟುಕೊಂಡಿರುವುದು ನೋವಿಗೆ ಹೆದರಿ.

ಇಟ್ಟುಕೊಳ್ಳುವುದಕ್ಕೂ ಖರ್ಚಿದೆ. ತಿಂಗಳಿಗೆ ಶೇ. 1ರ ಬಡ್ಡಿ ಎಂದರೆ 11,760 ರೂ., ಮೂಟೆಗೆ 98. ಇದನ್ನು ನೀವು ಕೊಂಡಾಗ ಕೊಟ್ಟ 13,20,000ದ ಮೇಲೆ ಹಾಕಬೇಡಿ. ನಡುವಿನ 1,44,000ದ ಬಡ್ಡಿ ಮಾರಿದರೂ ಕಟ್ಟಬೇಕು, ಇಟ್ಟರೂ ಕಟ್ಟಬೇಕು. ನಾಲ್ಕು ತಿಂಗಳು ಇಟ್ಟರೆ ಬೆಲೆ 10,192ಕ್ಕೆ ಏರಿದಾಗಲೂ ಇವತ್ತು ಮಾರಿದ್ದಕ್ಕೆ ಸಮ, ಅಷ್ಟೇ. ಗೋಡೌನ್ ಬಾಡಿಗೆ ಬೇರೆ.

ಲಂಡನ್ ನೋಡುತ್ತ ಕುಳಿತವರು ಮರೆಯುವುದು ಔಟ್‌ಟರ್ನ್, ಅಂದರೆ ಒಂದು ಮೂಟೆ ಚೆರಿಯಿಂದ ಸಿಪ್ಪೆ ಬಿಡಿಸಿದ ಮೇಲೆ ಸಿಗುವ ಕ್ಲೀನ್ ಕಾಫಿ ಬೀಜದ ತೂಕ. 50 ಕೆ.ಜಿ. ಮೂಟೆಗೆ 26 ಕೆ.ಜಿ. ಕ್ಲೀನ್ ಕಾಫಿ ಎಂಬ ಲೆಕ್ಕಕ್ಕೆ 9,800 ಹೇಳಿದ್ದರೆ, ಒಂದು ಕೆ.ಜಿ.ಗೆ ಸುಮಾರು 377 ರೂ. ನಿಮ್ಮ ಮಾಲು 27 ಬಂದರೆ ಆ ಹೆಚ್ಚಿನ ಒಂದು ಕೆ.ಜಿ.ಯೇ ಮೂಟೆಯ ನಾಲ್ಕು ತಿಂಗಳ ಬಡ್ಡಿಗೆ ಹತ್ತಿರ ಹತ್ತಿರ ಸಮ. ಬೇರೆ ಬೇರೆ ಮೂಟೆಗಳಿಂದ ಸ್ಯಾಂಪಲ್ ತೆಗೆದು ಹಲ್ಲಿಂಗ್ ಮಾಡಿಸಿ (ಸಿಪ್ಪೆ ಬಿಡಿಸಿ) ನೋಡಿ, ಆಮೇಲೆ ಬೆಲೆ ಮಾತಾಡಿ. ಮಲೆನಾಡಿನ ಮಳೆಗಾಲಕ್ಕೆ ಇಡುವುದಾದರೆ ಮೂಟೆಗಳು ನೆಲಕ್ಕೂ ಗೋಡೆಗೂ ತಾಗದಂತೆ ಮರದ ಹಲಗೆಯ ಮೇಲಿರಲಿ. ತೇವ ಎಳೆದುಕೊಂಡು ಬೂಸ್ಟು ಹಿಡಿದರೆ ಬೆಲೆ ಏರಿದರೂ ನಿಮಗೆ ಸಿಗುವುದಿಲ್ಲ.

ಮಾರುವಾಗ ಮೂರು ಪಾಲು ಮಾಡಿ. 40 ಮೂಟೆ ಈ ವಾರವೇ ಹೋಗಲಿ. ಇದು ಬ್ಯಾಂಕಿಗಿಂತ ಹೆಚ್ಚಾಗಿ ನಿಮ್ಮ ತಲೆಯ ಭಾರ ಇಳಿಸಲು. ಉಳಿದ ಎರಡು ಪಾಲಿಗೆ ಮೂರು ಅಂಕಿ ಬರೆದಿಡಿ: ಏರಿದರೆ ಮಾರುವ ಬೆಲೆ, ಇಳಿದರೆ ಮಾರುವ ಬೆಲೆ, ಎರಡೂ ಆಗದಿದ್ದರೆ ಮಾರುವ ತಾರೀಖು. ಉದಾಹರಣೆಗೆ 10,300, 9,300, ಮುಂದಿನ ತಿಂಗಳ 15. ಇಲ್ಲೇ ಹೆಚ್ಚಿನವರು ಎಡವುವುದು. ಬೆಲೆ 10,250ಕ್ಕೆ ಬಂದ ದಿನ "ಇನ್ನೊಂದು ಇನ್ನೂರು ಏರಲಿ" ಎಂದು ಗೆರೆಯನ್ನೇ ಮೇಲಕ್ಕೆ ಸರಿಸುತ್ತಾರೆ. ಆ ಚೀಟಿಯ ಒಂದು ಪ್ರತಿ ಮನೆಯವರ ಕೈಗೋ ಲೆಕ್ಕ ಬರೆಯುವವರ ಕೈಗೋ ಕೊಡಿ. ಅವರ ಸಹಿ ಇಲ್ಲದೆ, ಒಂದು ರಾತ್ರಿ ಕಳೆಯದೆ ಅಂಕಿ ತಿದ್ದುವಂತಿಲ್ಲ. ಲಂಡನ್ ವಹಿವಾಟು ನಮ್ಮ ಮಧ್ಯಾಹ್ನ ಶುರುವಾಗಿ ರಾತ್ರಿ ಮುಗಿಯುತ್ತದೆ. ಬೆಳಗ್ಗೆ ಒಮ್ಮೆ ಹಿಂದಿನ ದಿನದ ಮುಕ್ತಾಯದ ರೇಟನ್ನೂ ಡಾಲರ್ ದರವನ್ನೂ ನೋಡಿದರೆ ಸಾಕು.

ಪ್ರಶ್ನೆ: ನಮ್ಮದು ಸಣ್ಣ ಫ್ಯಾಬ್ರಿಕೇಶನ್ ವರ್ಕ್‌ಶಾಪ್. ಒಬ್ಬ ದೊಡ್ಡ ಗಿರಾಕಿಯಿಂದ 3,80,000 ರೂ. 70 ದಿನದಿಂದ ಬಾಕಿ. ಫೋನ್ ಎತ್ತುವುದಿಲ್ಲ. ರಾತ್ರಿ ವಾಟ್ಸ್‌ಆ್ಯಪ್‌ನಲ್ಲಿ ಬೈಗುಳ ಟೈಪ್ ಮಾಡಿ ಅಳಿಸುತ್ತೇನೆ. ವ್ಯವಹಾರದಲ್ಲಿ ಭಾವನೆ ಇರಬಾರದು ಅನ್ನುತ್ತಾರೆ, ಅದು ಹೇಗೆ ಸಾಧ್ಯ?
— ಓದುಗ, ಹಾಸನ

ಉತ್ತರ: ಸಾಧ್ಯವಿಲ್ಲ, ಬೇಕಾಗಿಯೂ ಇಲ್ಲ. ಮೆದುಳಿನ ಮುಂಭಾಗಕ್ಕೆ ಪೆಟ್ಟಾಗಿ ಭಾವನೆ ಮಂಕಾದ ರೋಗಿಗಳನ್ನು ನರವಿಜ್ಞಾನಿ ಆಂಟೋನಿಯೊ ಡಮಾಸಿಯೊ ಪರೀಕ್ಷಿಸಿದರು. ಅವರ ಬುದ್ಧಿ ಚುರುಕಾಗಿಯೇ ಇತ್ತು, ಬದುಕಿನ ನಿರ್ಧಾರಗಳು ಮಾತ್ರ ಕೆಟ್ಟಿದ್ದವು. ನಿಮ್ಮ ಕೋಪ ಸುಳ್ಳು ಹೇಳುತ್ತಿಲ್ಲ, ಯಾರೋ ನಿಮ್ಮ ದುಡ್ಡಿನಲ್ಲಿ ವ್ಯವಹಾರ ನಡೆಸುತ್ತಿದ್ದಾರೆ. ಆದರೆ ಕೋಪದ ಕೆಳಗೆ ಇನ್ನೊಂದಿದೆಯೇ ನೋಡಿ. ಈ ಗಿರಾಕಿ ನಿಮ್ಮ ವಹಿವಾಟಿನ ಅರ್ಧದಷ್ಟಿದ್ದರೆ ನಿಮ್ಮನ್ನು ಕಾಡುತ್ತಿರುವುದು ಭಯ. ಅದಕ್ಕೆ ಮದ್ದು ಇನ್ನಿಬ್ಬರು ಗಿರಾಕಿಗಳು, ಬೈಗುಳವಲ್ಲ.

ಕಾನೂನು ನಿಮ್ಮ ಕಡೆಗಿದೆ. 2006ರ ಎಂ.ಎಸ್.ಎಂ.ಇ. (ಸೂಕ್ಷ್ಮ, ಸಣ್ಣ, ಮಧ್ಯಮ ಉದ್ಯಮಗಳ) ಕಾಯ್ದೆಯಂತೆ ಸೂಕ್ಷ್ಮ ಮತ್ತು ಸಣ್ಣ ಉದ್ಯಮಕ್ಕೆ ಕೊಳ್ಳುವವರು 15 ದಿನದೊಳಗೆ, ಲಿಖಿತ ಒಪ್ಪಂದವಿದ್ದರೂ 45 ದಿನ ಮೀರದಂತೆ ಹಣ ಕೊಡಬೇಕು. ತಡವಾದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ. ಅಷ್ಟೇ ಅಲ್ಲ, 2024ರ ಏಪ್ರಿಲ್ 1ರಿಂದ ಜಾರಿಯಾದ ಆದಾಯ ತೆರಿಗೆ ನಿಯಮದಂತೆ, ಗಡುವು ಮೀರಿದ ಬಾಕಿಯನ್ನು ಪಾವತಿಸುವ ತನಕ ಅವರು ಅದನ್ನು ಖರ್ಚೆಂದು ತೋರಿಸುವಂತಿಲ್ಲ. ಅವರ ಆಡಿಟರ್‌ಗೆ ಇದು ಚೆನ್ನಾಗಿ ಗೊತ್ತು, ಆದ್ದರಿಂದ ಪತ್ರದ ಪ್ರತಿ ಅಕೌಂಟ್ಸ್ ವಿಭಾಗಕ್ಕೂ ಹೋಗಲಿ. ಸರಕು ಕಳಿಸುವ ಮೊದಲೇ ಸಣ್ಣ ಉದ್ಯಮಗಳಿಗಿರುವ ಸರ್ಕಾರದ ಉದ್ಯಮ್ ನೋಂದಣಿ ಆಗಿದ್ದರೆ ನಿಮ್ಮ ದಾವೆ ಗಟ್ಟಿ.

ರಾತ್ರಿ ಬರೆಯುವುದನ್ನು ಕಾಗದದ ಮೇಲೆ ಬರೆಯಿರಿ, ಫೋನಿನಲ್ಲಿ ಬೇಡ. ಬೆಳಗ್ಗೆ ಹತ್ತಕ್ಕೆ ಇಷ್ಟು ಕಳಿಸಿ: "ಸಾರ್, ಇಂಥ ತಾರೀಖಿನ ಇಂಥ ನಂಬರಿನ ಬಿಲ್‌ನ 3,80,000 ರೂ. 70 ದಿನದಿಂದ ಬಾಕಿ ಇದೆ. ಇದೇ ಶುಕ್ರವಾರದೊಳಗೆ ಯಾವ ದಿನ ಎಷ್ಟು ಬರುತ್ತದೆ ತಿಳಿಸಿ. ಅಲ್ಲಿಯವರೆಗೆ ಹೊಸ ಆರ್ಡರ್ ಮುಂಗಡ ಹಣಕ್ಕೆ ಮಾತ್ರ." ಉತ್ತರ ಬರದಿದ್ದರೆ ಬಿಲ್, ಡೆಲಿವರಿ ಚಲನ್, ಪರ್ಚೇಸ್ ಆರ್ಡರ್ ಜೋಡಿಸಿ, ಇಂಥ ಬಾಕಿಗಳ ವ್ಯಾಜ್ಯ ನೋಡುವ ಎಂ.ಎಸ್.ಎಂ.ಇ. ಫೆಸಿಲಿಟೇಶನ್ ಕೌನ್ಸಿಲ್‌ಗೆ ಆನ್‌ಲೈನ್‌ನಲ್ಲಿ ಅರ್ಜಿ ಹಾಕಿ.

ಪ್ರಶ್ನೆ: ನಮ್ಮ ಯಜಮಾನರಿಗೆ ಕೊಬ್ಬರಿ ವ್ಯಾಪಾರ. ಒಂದು ತಿಂಗಳಿಂದ ನಿದ್ದೆ ಇಲ್ಲ. ಬೆಳಗಿನ ಜಾವ ನಾಲ್ಕಕ್ಕೆ ಎದ್ದು "ಎಲ್ಲ ಮಾರಿಬಿಡ್ತೀನಿ" ಅನ್ನುತ್ತಾರೆ, ಹತ್ತು ಗಂಟೆಗೆ ಬೇಡ ಅನ್ನುತ್ತಾರೆ.
— ಓದುಗರು, ಅರಸೀಕೆರೆ

ಉತ್ತರ: ತಾಯಿ, ಮೊದಲು ನಿದ್ದೆ, ಆಮೇಲೆ ವ್ಯಾಪಾರ. ನಿದ್ದೆಗೆಟ್ಟ ತಲೆಗೆ ಎಲ್ಲ ದಾರಿಯೂ ಮುಚ್ಚಿದಂತೆ ಕಾಣುತ್ತದೆ. ಒಂದು ತಿಂಗಳಾಗಿದ್ದರೆ ಇನ್ನು ಕಾಯಬೇಡಿ, ವೈದ್ಯರಿಗೆ ತೋರಿಸಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416 ನಂಬರಿಗೆ ಹಗಲು ರಾತ್ರಿ ಉಚಿತವಾಗಿ ಕರೆ ಮಾಡಿ ಕನ್ನಡದಲ್ಲೇ ಮಾತಾಡಬಹುದು. ಬದುಕು ಸಾಕು ಎಂಬಂಥ ಮಾತು ಬಂದರೆ ಒಬ್ಬರನ್ನೇ ಬಿಡದೆ ಅದೇ ದಿನ ಆಸ್ಪತ್ರೆಗೆ ಕರೆದೊಯ್ಯಿರಿ. ಅಲ್ಲಿಯವರೆಗೆ ಮಾರುವ ಮಾತು ಬೆಳಗ್ಗೆ ತಿಂಡಿ ಆದ ಮೇಲೆ, ಇಬ್ಬರೂ ಕೂತಾಗ ಮಾತ್ರ. ಸಾಲದ ಪಟ್ಟಿಯನ್ನು ಒಂದೇ ಹಾಳೆಯಲ್ಲಿ ಬರೆಸಿ: ಯಾರಿಗೆ, ಎಷ್ಟು, ಯಾವ ತಾರೀಖಿಗೆ.

ಪ್ರಶ್ನೆ: ಹಾಸನಾಂಬ ದರ್ಶನದ 12 ದಿನ ನಮ್ಮ ಹೋಟೆಲಿನಲ್ಲಿ ದಿನಕ್ಕೆ 60,000 ರೂ. ವ್ಯಾಪಾರವಾಯಿತು. ಬೇರೆ ದಿನ 18,000. ಬಿ.ಎಂ. ರಸ್ತೆಯಲ್ಲಿ ಮಳಿಗೆ ಖಾಲಿ ಇದೆ, ಬಾಡಿಗೆ 45,000, ಅಡ್ವಾನ್ಸ್ 5 ಲಕ್ಷ. ಮಾಲೀಕರು ನಾಳೆಯೊಳಗೆ ಹೇಳಿ ಅನ್ನುತ್ತಾರೆ. ಹಿಡಿಯಲೇ?
— ಹೋಟೆಲ್ ಮಾಲೀಕರು, ಹಾಸನ

ಉತ್ತರ: ನಾಳೆ ಬೇಡ. ಉತ್ಸಾಹವೂ ಕೋಪದಷ್ಟೇ ಅವಸರದ್ದು, ಹಿತವಾಗಿರುವುದರಿಂದ ಯಾರೂ ಅದನ್ನು ಅನುಮಾನಿಸುವುದಿಲ್ಲ. ವರ್ಷಕ್ಕೊಮ್ಮೆ ಬಾಗಿಲು ತೆರೆಯುವ ಗುಡಿಯ ಜನಸಂದಣಿಯನ್ನು 365 ದಿನಕ್ಕೆ ಹಂಚಿ ನೋಡಿ. ನಿಮ್ಮ ದಿನದ ಸರಾಸರಿ 18,000ದಿಂದ ಸುಮಾರು 19,380ಕ್ಕೆ ಏರುತ್ತದೆ, ಅಷ್ಟೇ.

ಹೊಸ ಮಳಿಗೆಗೆ ಬಾಡಿಗೆ 45,000, ಆರು ಜನರ ಸಂಬಳ 1,08,000, ಗ್ಯಾಸ್, ಕರೆಂಟು, ನೀರು 40,000 ಎಂದಿಟ್ಟುಕೊಳ್ಳಿ. ಒಟ್ಟು 1,93,000. ರೂಪಾಯಿಗೆ 45 ಪೈಸೆ ದಿನಸಿ, ತರಕಾರಿ, ಹಾಲಿಗೆ ಹೋದರೆ, ದಿನಕ್ಕೆ ಸುಮಾರು 11,700 ವ್ಯಾಪಾರವಾದಾಗ ನಷ್ಟ ನಿಲ್ಲುತ್ತದೆ. ಅದರಲ್ಲಿ ನಿಮ್ಮ ದುಡಿಮೆಗೆ ಒಂದು ಪೈಸೆಯೂ ಇಲ್ಲ, ಸಾಲದ ಕಂತೂ ಇಲ್ಲ. ಆ ಮಳಿಗೆಯ ಮುಂದೆ ಒಂದು ಸೋಮವಾರ, ಒಂದು ಶನಿವಾರ, ಬೆಳಗ್ಗೆ ಏಳರಿಂದ ಹತ್ತರವರೆಗೆ ನಿಂತು ಅಕ್ಕಪಕ್ಕದ ಹೋಟೆಲಿಗೆ ಎಷ್ಟು ಜನ ಹೋಗುತ್ತಾರೆ ಎಣಿಸಿ. ಅಡ್ವಾನ್ಸ್, ಪಾತ್ರೆಪಗಡ, ಕೌಂಟರ್ ಖರ್ಚು ಕಳೆದ ಮೇಲೂ ಮೂರು ತಿಂಗಳ ಖರ್ಚು 5,79,000 ಕೈಯಲ್ಲಿ ಉಳಿಯಬೇಕು.

ಆಮೇಲೆ ಮನೆಯವರನ್ನೂ ಹಳೆಯ ಅಡುಗೆ ಭಟ್ಟರನ್ನೂ ಕೂರಿಸಿಕೊಂಡು, ಮನೋವಿಜ್ಞಾನಿ ಗ್ಯಾರಿ ಕ್ಲೈನ್ ಹೇಳಿಕೊಟ್ಟ ಅಭ್ಯಾಸ ಮಾಡಿ. ಒಂದು ವರ್ಷ ಕಳೆಯಿತು, ಹೊಸ ಹೋಟೆಲು ಮುಚ್ಚಿತು ಎಂದುಕೊಳ್ಳಿ. ಏಕೆ ಮುಚ್ಚಿತು? ಪ್ರತಿಯೊಬ್ಬರೂ ಬೇರೆ ಬೇರೆಯಾಗಿ ಹತ್ತು ನಿಮಿಷ ಬರೆಯಲಿ. "ಚೆನ್ನಾಗಿ ಆಗುತ್ತದಾ" ಎಂದು ಕೇಳಿದರೆ ತಲೆಯಾಡಿಸುವ ಭಟ್ಟರು, ಹೀಗೆ ಕೇಳಿದಾಗ ಎರಡು ಅಡುಗೆಮನೆಯನ್ನು ಒಬ್ಬರೇ ನೋಡಿಕೊಳ್ಳಲಾಗದು ಎಂಬ ಸತ್ಯವನ್ನು ಬರೆದುಕೊಡುತ್ತಾರೆ.

ಮಾಲೀಕರಿಗೆ ನಾಳೆ 10,000 ರೂ. ಟೋಕನ್ ಕೊಟ್ಟು ಹತ್ತು ದಿನ ಕೇಳಿ. ಮಳಿಗೆ ಹಿಡಿದರೆ ಅಡ್ವಾನ್ಸ್‌ಗೆ ವಜಾ, ಬಿಟ್ಟರೆ ಎಷ್ಟು ವಾಪಸ್ ಎಂಬುದನ್ನು ರಸೀದಿಯಲ್ಲೇ ಬರೆಸಿ ಸಹಿ ಹಾಕಿಸಿಕೊಳ್ಳಿ.